ಬ್ಯಾಟಿಂಗಾ, ಬೌಲಿಂಗಾ? ಅಂಕೋಲೆಯ ಹುಡುಗ ಯಾವುದನ್ನು ಹಿಡಿಯಬೇಕು

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಮಗನಿಗೆ 15 ವರ್ಷ, ಹತ್ತನೇ ತರಗತಿ. ಎಡಗೈ ಸ್ಪಿನ್ ಹಾಕುತ್ತಾನೆ, ಐದನೇ ನಂಬರಿಗೆ ಬ್ಯಾಟಿಂಗ್‌ಗೆ ಇಳಿಯುತ್ತಾನೆ. ನಮ್ಮ ಕಡೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಎರಡಕ್ಕೂ ಹೆಸರಿದೆ. ಬೇಸಿಗೆ ಶಿಬಿರದಲ್ಲಿ ಒಬ್ಬ ಕೋಚ್ "ಯಾವುದಾದರೂ ಒಂದನ್ನು ಬಿಡು" ಎಂದರಂತೆ. ಇನ್ನೊಬ್ಬರು "ಈಗ ಆಲ್‌ರೌಂಡರ್‌ಗೇ ಬೆಲೆ, ಎರಡೂ ಇಟ್ಟುಕೋ" ಎಂದರಂತೆ. ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿ ಮಟ್ಟದ ಆಲ್‌ರೌಂಡರ್ ಬದುಕು ನಿಜಕ್ಕೂ ಹೇಗಿರುತ್ತದೆ? ಭಾರತ ತಂಡಕ್ಕೆ ಹೋಗದೇ ಇದ್ದರೆ ಹೊಟ್ಟೆ ತುಂಬುತ್ತದೆಯಾ? ಎಸ್ಸೆಸ್ಸೆಲ್ಸಿ ಆದ ಮೇಲೆ ಬೆಂಗಳೂರಿಗೆ ಕಳಿಸಬೇಕಾ?

ಉತ್ತರ: ಅಕ್ಕೋರೇ, ನಿಮ್ಮ ಪ್ರಶ್ನೆ ಓದಿದಾಗ ನನಗೆ ನನ್ನದೇ ಹದಿನಾರನೇ ವಯಸ್ಸು ನೆನಪಾಯಿತು. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನಿಮ್ಮ ಉತ್ತರದ ಅರ್ಧ ಅಲ್ಲೇ ಇದೆ.

ಶಿರಸಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಯಲುಸೀಮೆಯ ಒಂದು ಊರಿಗೆ ಆಯ್ಕೆ ಶಿಬಿರಕ್ಕೆ ಹೋಗಿದ್ದೆ. ಕಿಟ್ ಬ್ಯಾಗ್ ಎಲ್ಲಿಂದ ಬರಬೇಕು? ಗೊಬ್ಬರದ ಚೀಲದಲ್ಲಿ ಪ್ಯಾಡು, ಕಂಕುಳಲ್ಲಿ ಬ್ಯಾಟು. ಮೇಜಿನ ಹಿಂದೆ ಕೂತವರು ತಲೆ ಎತ್ತದೆ "ನೀನೇನು?" ಎಂದು ಕೇಳಿದರು. "ಬ್ಯಾಟಿಂಗೂ ಮಾಡ್ತೆ, ಬೌಲಿಂಗೂ ಮಾಡ್ತೆ ಸರ್" ಅಂದೆ. ಅವರ ಹಾಳೆಯಲ್ಲಿ ಮೂರೇ ಕಾಲಂ ಇದ್ದವು. ಬ್ಯಾಟ್ಸ್‌ಮನ್, ಬೌಲರ್, ಕೀಪರ್. ಪೆನ್ನು ಸ್ವಲ್ಪ ಹೊತ್ತು ಮೇಲೆ ಕೆಳಗೆ ಓಡಾಡಿತು. ಕೊನೆಗೆ ಹಾಳೆಯ ಅಂಚಿನಲ್ಲಿ ನನ್ನ ಹೆಸರು ಬಿತ್ತು. ಮಧ್ಯಾಹ್ನದವರೆಗೆ ಬೌಲರ್‌ಗಳನ್ನು ಕರೆದರು. ಊಟ ಆದ ಮೇಲೆ ಬ್ಯಾಟ್ಸ್‌ಮನ್‌ಗಳನ್ನು. ಅಂಚಿನಲ್ಲಿದ್ದ ನಮ್ಮನ್ನು ಕರೆದದ್ದು ಸಂಜೆ ಐದು ದಾಟಿದ ಮೇಲೆ. ಆರು ಎಸೆತ ಹಾಕಿದೆ, ಒಂಬತ್ತು ಎಸೆತ ಆಡಿದೆ, ಕೊನೇ ಬಸ್ಸಿಗೆ ಓಡಿದೆ.

ಆಗ ಬಹಳ ಸಿಟ್ಟು ಬಂದಿತ್ತು. ಈಗ ನಾನೇ ಎಷ್ಟೋ ಸಲ ಆ ಹಾಳೆ ಹಿಡಿದು ಕೂತಿದ್ದೇನೆ. ಇನ್ನೂರು ಹುಡುಗರು, ಎರಡು ನೆಟ್, ಒಂದು ದಿನ. ನೋಡುವವನಿಗೆ ಒಂದೇ ಪ್ರಶ್ನೆ ಇರುತ್ತದೆ: ಈ ಹುಡುಗ ಬರೀ ಬೌಲಿಂಗ್ ಮೇಲೆ ತಂಡಕ್ಕೆ ಬರ್ತಾನಾ? ಇಲ್ಲ, ಬರೀ ಬ್ಯಾಟಿಂಗ್ ಮೇಲೆ? ಎರಡಕ್ಕೂ "ಸುಮಾರು" ಅನ್ನಿಸಿದರೆ ಅವನು ಹೊರಗೆ. ಎರಡು ಸುಮಾರು ಸೇರಿ ಒಂದು ಒಳ್ಳೆಯದು ಆಗುವುದಿಲ್ಲ. ನನ್ನ ಕಥೆ ಅಲ್ಲೇ ಮುಗಿದದ್ದು.

ಹಾಗಾಗಿ ಆ ಇಬ್ಬರು ಕೋಚ್‌ಗಳಲ್ಲಿ ಯಾರು ಸರಿ ಅಂದರೆ, ಇಬ್ಬರೂ ಅರ್ಧರ್ಧ ಸರಿ. ಯಾವುದನ್ನೂ ಬಿಡುವುದು ಬೇಡ. ಆದರೆ ಎರಡಕ್ಕೂ ಒಂದೇ ತೂಕ ಕೊಡುವುದೂ ಬೇಡ. ನಿಮ್ಮ ಮಗ ಎಡಗೈ ಸ್ಪಿನ್ನರ್ ಅಂತಲೇ ಹೆಸರು ಬರೆಸಲಿ. ಬ್ಯಾಟಿಂಗ್ ಅವನ ಜೇಬಿನಲ್ಲಿರಲಿ. ತಂಡದೊಳಗೆ ಕಾಲಿಡಲು ಒಂದು ಕೆಲಸ ಬೇಕು, ಒಳಗೆ ಹೋದ ಮೇಲೆ ಹದಿನೈದು ವರ್ಷ ಉಳಿಯಲು ಇನ್ನೊಂದು. ದೇಶೀಯ ಕ್ರಿಕೆಟ್‌ನಲ್ಲಿ ಹೆಸರು ಮಾಡಿದ ಹೆಚ್ಚಿನ ಆಲ್‌ರೌಂಡರ್‌ಗಳ ಬದುಕು ನೋಡಿದರೆ ಇದೇ ಕಾಣುತ್ತದೆ.

ಜಲಜ್ ಸಕ್ಸೇನಾ ಹೆಸರು ನಿಮ್ಮ ಮಗನಿಗೆ ಗೊತ್ತಿರಬಹುದು, ನಿಮಗೆ ಗೊತ್ತಿರಲಿಕ್ಕಿಲ್ಲ. ಇಂದೋರಿನವರು, ಆಫ್ ಸ್ಪಿನ್ನರ್, ಮೇಲಿನ ಕ್ರಮಾಂಕದಲ್ಲೂ ಆಡಿದವರು. 2005ರಲ್ಲಿ ಮಧ್ಯಪ್ರದೇಶಕ್ಕೆ ಆಡಲು ಶುರು ಮಾಡಿದರು. 2016-17ರಲ್ಲಿ ಕೇರಳಕ್ಕೆ ಹೋದರು, ಆಮೇಲೆ ಮಹಾರಾಷ್ಟ್ರಕ್ಕೆ. ರಣಜಿ ಟ್ರೋಫಿ ಶುರುವಾದದ್ದು 1934-35ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಟೂರ್ನಿಯಲ್ಲಿ 6,000 ರನ್ ಮತ್ತು 400 ವಿಕೆಟ್ ಎರಡನ್ನೂ ಮುಟ್ಟಿದ ಮೊದಲಿಗ ಇವರು. ಅದು ಆದದ್ದು 2024ರ ನವೆಂಬರಿನಲ್ಲಿ, ತಿರುವನಂತಪುರದ ತುಂಬಾದಲ್ಲಿ. ರಣಜಿಯ ಶ್ರೇಷ್ಠ ಆಲ್‌ರೌಂಡರ್‌ಗೆ ಕೊಡುವ ಲಾಲಾ ಅಮರನಾಥ್ ಪ್ರಶಸ್ತಿ ಒಂದಕ್ಕಿಂತ ಹೆಚ್ಚು ಸಲ ಸಿಕ್ಕಿದೆ. ಭಾರತ ತಂಡದ ಕ್ಯಾಪ್ ಮಾತ್ರ ಸಿಗಲಿಲ್ಲ. ಐಪಿಎಲ್ ಫ್ರಾಂಚೈಸಿಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಹೆಸರಿದ್ದರೂ ಮೈದಾನಕ್ಕಿಳಿಯಲು 2021ರವರೆಗೆ ಕಾಯಬೇಕಾಯಿತು.

ಇದನ್ನು ಕೇಳಿ "ಪಾಪ" ಅನ್ನುವವರೇ ಜಾಸ್ತಿ. ನಾನು ಅನ್ನುವುದಿಲ್ಲ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ತನಗೆ ಇಷ್ಟವಾದ ಕೆಲಸವನ್ನು ದೇಶದ ಮೇಲ್ಮಟ್ಟದಲ್ಲಿ ಮಾಡಿ, ಅದರಲ್ಲೇ ದುಡಿದು, ಬೇರೆ ರಾಜ್ಯಗಳೂ ಕರೆಸಿಕೊಂಡು ಆಡಿಸುವಂತೆ ಬದುಕಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿಗೆ ಆ ಭಾಗ್ಯ ಇದೆ? ಅದೃಷ್ಟ ಇದ್ದು, ಮೈ ಮುರಿದು ದುಡಿದರೆ, ನಿಮ್ಮ ಮಗನಿಗೆ ಸಿಗಬಹುದಾದದ್ದು ಇಂಥ ಬದುಕು. ಟೀವಿಯಲ್ಲಿ ಕಾಣುವ ಹಾರ್ದಿಕ್ ಪಾಂಡ್ಯನದಲ್ಲ. ಅವನನ್ನು ನೋಡಿ ಲೆಕ್ಕ ಹಾಕಬೇಡಿ.

ರಣಜಿಯಲ್ಲಿ ಆಲ್‌ರೌಂಡರ್‌ಗೆ ಯಾಕೆ ಅಷ್ಟು ಬೆಲೆ ಎನ್ನುವುದು ಅಂಕದ ಲೆಕ್ಕದಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಟೀವಿಯಲ್ಲಿ ಯಾರೂ ಹೇಳುವುದಿಲ್ಲ.

ಲೀಗ್ ಪಂದ್ಯ ನಾಲ್ಕು ದಿನದ್ದು. ಪೂರ್ತಿ ಗೆದ್ದರೆ 6 ಅಂಕ, ಇನಿಂಗ್ಸ್ ಅಥವಾ ಹತ್ತು ವಿಕೆಟ್‌ಗಳಿಂದ ಗೆದ್ದರೆ ಇನ್ನೊಂದು ಜಾಸ್ತಿ. ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರಿಗೆ 3, ಹಿಂದುಳಿದವರಿಗೆ 1. ನಾಕೌಟ್‌ನಲ್ಲಂತೂ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಯಾರದೋ ಅವರೇ ಮುಂದಿನ ಸುತ್ತಿಗೆ. ಅಂದರೆ ಎದುರಾಳಿ 300 ಹೊಡೆದಿದ್ದಾರೆ, ನೀವು 240ಕ್ಕೆ 7 ವಿಕೆಟ್ ಕಳೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಟೆಸ್ಟ್ ಪಂದ್ಯದಲ್ಲಿ ಆ 60 ರನ್ ಹೇಗೋ ಸುಧಾರಿಸಿಕೊಳ್ಳಬಹುದು. ರಣಜಿಯಲ್ಲಿ ಆ 60 ರನ್ನೇ ಇಡೀ ಪಂದ್ಯ. ಆ ರನ್ ಮಾಡಬೇಕಾದವನು ಏಳು, ಎಂಟನೇ ನಂಬರಿನವನು. ಹಿಂದಿನ ದಿನ ಇಪ್ಪತ್ತೈದು ಓವರ್ ಹಾಕಿ ಭುಜ ಹಿಡಿದುಕೊಂಡು ಮಲಗಿದ್ದವನು.

ಕೇರಳ ತಂಡ 2025ರ ಫೆಬ್ರವರಿಯಲ್ಲಿ ಮೊದಲ ಸಲ ರಣಜಿ ಫೈನಲ್‌ಗೆ ಹೋಯಿತಲ್ಲ, ಹೇಗೆ ಹೋಯಿತು ನೋಡಿ. ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು-ಕಾಶ್ಮೀರ 280 ಹೊಡೆದಿತ್ತು. ಕೇರಳ 200ಕ್ಕೆ 9. ಸಲ್ಮಾನ್ ನಿಜಾರ್ ಎಂಬ ಬ್ಯಾಟ್ಸ್‌ಮನ್ ಹನ್ನೊಂದನೇ ನಂಬರಿನ ಬಾಸಿಲ್ ಥಂಪಿಯನ್ನು ಕಟ್ಟಿಕೊಂಡು 81 ರನ್ ಸೇರಿಸಿದರು. 281. ಒಂದೇ ರನ್ ಮುಂದೆ! ಸೆಮಿಫೈನಲ್‌ನಲ್ಲಿ ಗುಜರಾತ್ ಎದುರು ಕೇರಳದ್ದು 457. ಗುಜರಾತ್ 455ರಲ್ಲಿದ್ದಾಗ ಕೊನೇ ಬ್ಯಾಟ್ಸ್‌ಮನ್ ಜೋರಾಗಿ ಬೀಸಿದ. ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಅದೇ ನಿಜಾರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲೆ ಹಾರಿ ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈಗೆ ಬಿತ್ತು. ಎರಡು ರನ್ ಮುಂದೆ. ಆ ಇನಿಂಗ್ಸ್‌ನಲ್ಲಿ ಜಲಜ್ 4 ವಿಕೆಟ್, ಆದಿತ್ಯ ಸರ್ವಟೆ 4 ವಿಕೆಟ್ ತೆಗೆದಿದ್ದರು. ಇಬ್ಬರೂ ಹೊರ ರಾಜ್ಯದಿಂದ ಕರೆಸಿಕೊಂಡ ಆಟಗಾರರು, ಇಬ್ಬರೂ ಬೌಲಿಂಗ್ ಜೊತೆ ಬ್ಯಾಟ್ ಹಿಡಿಯಬಲ್ಲವರು.

ಸರ್ವಟೆ ಬಗ್ಗೆ ನಿಮ್ಮ ಮಗ ಓದಲಿ, ಯಾಕೆಂದರೆ ಅವರೂ ಎಡಗೈ ಸ್ಪಿನ್ನರ್. ವಿದರ್ಭದವರು. 2018-19ರ ಫೈನಲ್‌ನಲ್ಲಿ ಸೌರಾಷ್ಟ್ರದ ಎದುರು ಎರಡೂ ಇನಿಂಗ್ಸ್ ಸೇರಿ 11 ವಿಕೆಟ್. ಅದರಲ್ಲಿ ಚೇತೇಶ್ವರ ಪೂಜಾರ ಎರಡು ಸಲ. ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟಿಂಗ್‌ನಲ್ಲೂ 49 ರನ್ ಹೊಡೆದರು. ಈಗ ಯೋಚಿಸಿ: ಅವರು ತಂಡದಲ್ಲಿ ಇದ್ದದ್ದು ಪೂಜಾರ ಅವರನ್ನು ಔಟ್ ಮಾಡುವ ಬೌಲಿಂಗ್‌ಗಾಗಿ. ಆದರೆ ಪಿಚ್‌ನಲ್ಲಿ ಚೆಂಡು ತಿರುಗುವಾಗ ಆ 49 ಬಂತಲ್ಲ, ನಾಯಕ ಮುಂದಿನ ಸಲ ಪಟ್ಟಿ ಬರೆಯುವಾಗ ಮರೆಯುವುದು ಅದನ್ನಲ್ಲ.

ನಮ್ಮ ಕರ್ನಾಟಕದಲ್ಲೇ ಈ ಜಾತಿಯ ಆಟಗಾರರು ಬಹಳ ಇದ್ದಾರೆ. ಬಿ. ವಿಜಯಕೃಷ್ಣ ಅವರನ್ನು ಈಗಿನವರಿಗೆ ಗೊತ್ತಿಲ್ಲ. ಎಡಗೈ ಸ್ಪಿನ್, ಬಿರುಸಿನ ಬ್ಯಾಟಿಂಗ್. ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬಾಂಬೆಯ ಸರಪಣಿ ಮುರಿದು 1973-74ರಲ್ಲಿ ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿತಲ್ಲ, ಆ ಕಾಲದ ಆಟಗಾರ. ಸುಮಾರು ಹದಿನೈದು ವರ್ಷ ಆಡಿ ಪ್ರಥಮ ದರ್ಜೆಯಲ್ಲಿ (ರಣಜಿ, ಟೆಸ್ಟ್‌ನಂಥ ಹಲವು ದಿನದ ಪಂದ್ಯ) 194 ವಿಕೆಟ್ ಪಡೆದರು, 2,000ಕ್ಕೂ ಹೆಚ್ಚು ರನ್ ಗಳಿಸಿದರು. ರಾಜ್ಯ ತಂಡದಲ್ಲಿ ಪ್ರಸನ್ನ ಮತ್ತು ಚಂದ್ರಶೇಖರ್ ಇದ್ದಾಗ ಮೂರನೇ ಸ್ಪಿನ್ನರ್ ಆಗಿ ಜಾಗ ಸಿಗಬೇಕೆಂದರೆ ಬ್ಯಾಟ್ ಬರಲೇಬೇಕಿತ್ತು. ಭಾರತ ತಂಡದಲ್ಲಿ ಎಡಗೈ ಸ್ಪಿನ್ನರ್ ಜಾಗಕ್ಕೆ ಬಿಷನ್ ಸಿಂಗ್ ಬೇಡಿ ಕೂತಿದ್ದರು. ತಪ್ಪು ಕಾಲದಲ್ಲಿ ಹುಟ್ಟಿದರು ಅಂತ ಹೇಳುವುದುಂಟು. ಅಲ್ಲ ಅನ್ನಲು ನನ್ನ ಹತ್ತಿರವೂ ಮಾತಿಲ್ಲ.

ಇನ್ನು ಸುನೀಲ್ ಜೋಶಿ. ನಿಮ್ಮ ಮಗನಿಗೆ ಇವರಿಗಿಂತ ಹತ್ತಿರದ ಉದಾಹರಣೆ ನನಗೆ ಸಿಗುವುದಿಲ್ಲ. ಗದಗದವರು. ಎಡಗೈ ಸ್ಪಿನ್. ಹುಡುಗನಾಗಿದ್ದಾಗ ಬೆಳಿಗ್ಗೆ ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಮೀ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಒಂದೇ ಸೀಸನ್‌ನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಅದೇ 1996ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲಿ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್ (ರನ್ನೇ ಕೊಡದ ಓವರ್), 6 ರನ್, 5 ವಿಕೆಟ್. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ನಡೆದಾಗ ಐದು ವಿಕೆಟ್ ತೆಗೆದು, ಬ್ಯಾಟ್ ಹಿಡಿದು 92 ಹೊಡೆದು ಪಂದ್ಯಪುರುಷ ಆದರು. ಅಷ್ಟೆಲ್ಲ ಆದರೂ ಟೆಸ್ಟ್ ಆಡಿದ್ದು 15. ಪ್ರಥಮ ದರ್ಜೆ ಪಂದ್ಯ 160! 615 ವಿಕೆಟ್, 5,000ಕ್ಕೂ ಮಿಕ್ಕಿದ ರನ್. ಅವರ ದುಡಿಮೆಯ ಹೆಚ್ಚಿನ ಪಾಲು ಇದ್ದದ್ದು ದೇಶೀಯ ಕ್ರಿಕೆಟ್‌ನಲ್ಲೇ. ಆಮೇಲೆ ಕೋಚ್ ಆದರು, 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಮುಖ್ಯಸ್ಥರಾದರು.

ಸರ್ವಟೆ, ವಿಜಯಕೃಷ್ಣ, ಜೋಶಿ, ಈ ಮೂವರೂ ಮೊದಲು ಬೌಲರ್‌ಗಳು. ಗಮನಿಸಿದಿರಾ?

ವೇಗದ ಬೌಲಿಂಗ್ ಆಲ್‌ರೌಂಡರ್ ಕಥೆ ಬೇರೆ, ಅದು ನಿಮಗೆ ಬೇಡ. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಓವರ್ ಹಾಕಿ ಸೊಂಟದ ಎಲುಬಿಗೆ ಬಿರುಕು ಬಿಡಿಸಿಕೊಂಡ ಹುಡುಗರನ್ನು ನೋಡಿದ್ದೇನೆ. ನಿಮ್ಮವನು ಸ್ಪಿನ್ನರ್, ಆ ಭಯ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ನಿಮಗೆ ಎಚ್ಚರಿಕೆ ಹೇಳಬೇಕು. "ಈಗ ಆಲ್‌ರೌಂಡರ್‌ಗೇ ಬೆಲೆ" ಎಂಬ ಮಾತು ಟಿ20ಯಲ್ಲಿ ಅಷ್ಟು ಸರಳ ಇಲ್ಲ. ಐಪಿಎಲ್‌ನಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂತು. ಬ್ಯಾಟಿಂಗ್‌ಗೆ ಒಬ್ಬ, ಬೌಲಿಂಗ್‌ಗೆ ಇನ್ನೊಬ್ಬ ಅಂತ ಬದಲಾಯಿಸಿಕೊಳ್ಳಬಹುದಾದರೆ ಎರಡನ್ನೂ ಸುಮಾರಾಗಿ ಮಾಡುವವನು ಯಾರಿಗೆ ಬೇಕು? ಇದರಿಂದ ಆಲ್‌ರೌಂಡರ್‌ಗಳು ಬೆಳೆಯುವುದಿಲ್ಲ ಅಂತ ರೋಹಿತ್ ಶರ್ಮಾ ಅವರೇ 2024ರಲ್ಲಿ ಬಹಿರಂಗವಾಗಿ ಹೇಳಿದರು. ದೇಶೀಯ ಟಿ20 ಟೂರ್ನಿ ಸೈಯದ್ ಮುಷ್ತಾಕ್ ಅಲಿಯಲ್ಲಿ ಬಿಸಿಸಿಐ 2024-25ರಿಂದ ಆ ನಿಯಮ ತೆಗೆಯಿತು. ಒಳ್ಳೆಯದೇ ಆಯಿತು. ಐಪಿಎಲ್ ಹಣದ ವಿಷಯಕ್ಕೆ ನಮ್ಮ ಕೃಷ್ಣಪ್ಪ ಗೌತಮ್ ಅವರನ್ನು ನೋಡಿ. 2019ರ ಕೆಪಿಎಲ್‌ನಲ್ಲಿ (ಕರ್ನಾಟಕ ಪ್ರೀಮಿಯರ್ ಲೀಗ್) ಬಳ್ಳಾರಿ ತಂಡಕ್ಕೆ ಒಂದೇ ಪಂದ್ಯದಲ್ಲಿ 56 ಎಸೆತಕ್ಕೆ 134 ಹೊಡೆದು, ಆಮೇಲೆ 15 ರನ್ ಕೊಟ್ಟು 8 ವಿಕೆಟ್ ಕಿತ್ತರು. ನಂಬಲಿಕ್ಕೇ ಆಗದ ದಿನ. 2021ರ ಹರಾಜಿನಲ್ಲಿ ಚೆನ್ನೈ 9.25 ಕೋಟಿ ಕೊಟ್ಟು ತೆಗೆದುಕೊಂಡಿತು. ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಮರುವರ್ಷ ಲಖನೌ ತಂಡ ಕೊಟ್ಟದ್ದು 90 ಲಕ್ಷ. ಹರಾಜು ಅಂದರೆ ಹೀಗೇ, ಮೀನು ಪೇಟೆಯಲ್ಲಿ ಇಸ್ವಾಣದ ರೇಟು ಇದ್ದ ಹಾಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅದನ್ನು ನಂಬಿ ಮನೆ ಕಟ್ಟಲಿಕ್ಕಾಗುವುದಿಲ್ಲ.

ಹಾಗಾದರೆ ಯಾವುದನ್ನು ನಂಬಬಹುದು? 2021ರಲ್ಲಿ ಬಿಸಿಸಿಐ ದೇಶೀಯ ಪಂದ್ಯದ ಸಂಭಾವನೆ ಏರಿಸಿತು. ಹಿರಿಯರ ತಂಡದ ಹನ್ನೊಂದರಲ್ಲಿ ಆಡಿದರೆ, 20 ಪಂದ್ಯದವರೆಗಿನ ಅನುಭವಕ್ಕೆ ದಿನಕ್ಕೆ 40,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕಿಂತ ಹೆಚ್ಚಾದರೆ 60,000. ಬೆಂಚಿನಲ್ಲಿ ಕೂತವರಿಗೆ ಅದರ ಅರ್ಧ. 23ರೊಳಗಿನವರಿಗೆ ದಿನಕ್ಕೆ 25,000, 19ರೊಳಗಿನವರಿಗೆ 20,000. ಹೊಸಬನೊಬ್ಬ ರಣಜಿ ಲೀಗಿನ ಏಳೂ ಪಂದ್ಯ ಆಡಿದರೆ ಒಂದಕ್ಕೆ 1.6 ಲಕ್ಷದಂತೆ 11.2 ಲಕ್ಷ ಆಯಿತು. ವಿಜಯ್ ಹಜಾರೆ ಏಕದಿನ, ಟಿ20 ಬೇರೆ. ಹೊಟ್ಟೆ ಖಂಡಿತ ತುಂಬುತ್ತದೆ. ಆದರೆ ಇದು ಸಂಬಳ ಅಲ್ಲ. ಆಡಿದ ದಿನಕ್ಕೆ ಮಾತ್ರ. ಬೆರಳು ಮುರಿದರೆ ಆ ವರ್ಷ ಹೋಯಿತು. ಅದಕ್ಕೇ ನನ್ನ ಕಾಲದವರು ರೈಲ್ವೆ, ಬ್ಯಾಂಕು ಅಂತ ಕ್ರೀಡಾ ಕೋಟಾದ ಕೆಲಸಕ್ಕೆ ಬಾಯಿ ಬಿಡುತ್ತಿದ್ದರು. ಈಗಲೂ ಆ ದಾರಿ ಇದೆ. ರೈಲ್ವೆಗೆ ತನ್ನದೇ ರಣಜಿ ತಂಡ ಇದೆ.

ಇಲ್ಲಿ ಆಲ್‌ರೌಂಡರ್‌ಗೆ ಇನ್ನೊಂದು ಅನುಕೂಲ ಇದೆ. ಪ್ರತಿ ರಾಜ್ಯವೂ ಹೊರಗಿನಿಂದ ಮೂವರವರೆಗೆ ಆಟಗಾರರನ್ನು ಕರೆಸಿಕೊಳ್ಳಬಹುದು. ರಣಜಿಯಲ್ಲಿ ಈಗ 38 ತಂಡಗಳಿವೆ. ಸಣ್ಣ ರಾಜ್ಯದವರು ಮೂರೇ ಜನರನ್ನು ತರಬಹುದು ಎಂದಾಗ ಯಾರನ್ನು ತರುತ್ತಾರೆ? ಒಬ್ಬನಲ್ಲಿ ಇಬ್ಬರು ಸಿಗುವವನನ್ನೇ. ನಮ್ಮ ಶ್ರೇಯಸ್ ಗೋಪಾಲ್ 2023-24ರಲ್ಲಿ ಕೇರಳಕ್ಕೆ ಹೋಗಿ ಮರುವರ್ಷ ಕರ್ನಾಟಕಕ್ಕೆ ವಾಪಸ್ ಬಂದರು. ಕರ್ನಾಟಕದಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಕರ್ನಾಟಕದಲ್ಲಿ ಬೆಳೆದವನಿಗೆ ಬೇರೆ ಕಡೆ ಬಾಗಿಲು ತೆರೆದಿರುತ್ತದೆ.

ಈಗ ನಮ್ಮ ಕರಾವಳಿಗೆ ಬರೋಣ. ನಿಮ್ಮ ಮಗನ ನಿಜವಾದ ಎದುರಾಳಿ ಇರುವುದು ಇಲ್ಲಿ.

ಮೊದಲನೆಯದು ಟೆನಿಸ್ ಚೆಂಡು. ಕಾರವಾರದ ಮಾಲಾದೇವಿ ಮೈದಾನ ಇರಲಿ, ಕುಮಟೆಯ ಮಣಕಿ ಇರಲಿ, ಕೊಯ್ಲಾದ ಗದ್ದೆಯಲ್ಲಿ ಕಟ್ಟಿದ ಹೊನಲು ಬೆಳಕಿನ ಪಂದ್ಯಾವಳಿ ಇರಲಿ, ನಮ್ಮ ಹುಡುಗರು ಬೆಳೆಯುವುದೇ ಅದರಲ್ಲಿ. ಬೈಯುವುದಿಲ್ಲ. ಕಣ್ಣು, ಕೈ, ಧೈರ್ಯ ಅಲ್ಲೇ ಬರುತ್ತವೆ. ಆದರೆ ಎಡಗೈ ಸ್ಪಿನ್ನರ್‌ಗೆ ಅದು ಒಂದು ಕೆಟ್ಟ ಚಾಳಿ ಕಲಿಸುತ್ತದೆ. ಬೌಂಡರಿ ಹತ್ತಿರ, ಎಂಟು ಓವರಿನ ಮ್ಯಾಚು, ಮೇಲೆ ಎಸೆದರೆ ಸಿಕ್ಸರ್. ಹಾಗಾಗಿ ಹುಡುಗ ಚೆಂಡನ್ನು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಬಿಡುತ್ತಾನೆ. ಟೆನಿಸ್ ಚೆಂಡು ಅರವತ್ತು ಗ್ರಾಂ ಒಳಗೆ. ಲೆದರ್ ಚೆಂಡು 156ರಿಂದ 163 ಗ್ರಾಂ. ಅದನ್ನು ತಿರುಗಿಸುವುದು ಬೆರಳು. ಸೀಮ್ (ಚೆಂಡಿನ ಹೊಲಿಗೆ) ಮೇಲೆ ಅಡ್ಡಲಾಗಿ ಇಟ್ಟ ತೋರುಬೆರಳಿನ ಮೊದಲ ಗೆಣ್ಣು ಅದನ್ನು ಎಳೆಯಬೇಕು. ಆ ಗೆಣ್ಣಿನ ಪಕ್ಕ ಚರ್ಮ ಸುಲಿದು, ಗಾಯ ಆಗಿ, ಒಣಗಿ, ಗಟ್ಟಿಯಾಗಿರಬೇಕು. ನಿಮ್ಮ ಮಗನ ಎಡಗೈ ತೋರುಬೆರಳು ಹಿಡಿದು ನೋಡಿ. ನುಣ್ಣಗಿದ್ದರೆ ಅವನಿನ್ನೂ ಸ್ಪಿನ್ನರ್ ಆಗಿಲ್ಲ.

ನಾನು ನನ್ನ ಹುಡುಗರಿಗೆ ಮಾಡಿಸುವುದು ಇಷ್ಟೇ. ಪಿಚ್‌ನ ನಡುವೆ ಎರಡೂ ಬದಿಗೆ ಅಡಿಕೆ ಮರದ ಕಂಬ ನೆಟ್ಟು, ಬ್ಯಾಟ್ಸ್‌ಮನ್ ಕಣ್ಣಿಗಿಂತ ಸ್ವಲ್ಪ ಮೇಲೆ ಬರುವಂತೆ ಹಗ್ಗ ಕಟ್ಟುತ್ತೇನೆ. ಚೆಂಡು ಹಗ್ಗದ ಮೇಲಿಂದ ಹೋಗಬೇಕು, ಆದರೂ ಸುಣ್ಣದಲ್ಲಿ ಬರೆದ ಚೌಕದಲ್ಲಿ ಬೀಳಬೇಕು. ಟೆನಿಸ್ ಬಾಲ್ ಹುಡುಗರು ಮೊದಲ ವಾರ ಹಗ್ಗಕ್ಕೇ ಹೊಡೆಯುತ್ತಾರೆ. ಎರಡನೇ ವಾರ ಹಗ್ಗ ದಾಟಿಸುತ್ತಾರೆ, ಚೆಂಡು ಫುಲ್‌ಟಾಸ್ ಆಗುತ್ತದೆ. ಮೂರನೇ ವಾರ ಯಾವಾಗಲೋ ಒಂದು ಚೆಂಡು ಮೇಲೆ ಹೋಗಿ, ಅಲ್ಲೇ ಒಂದು ಕ್ಷಣ ನಿಂತಂತೆ ಮಾಡಿ, ಟಪ್ ಅಂತ ಚೌಕಕ್ಕೆ ಬಿದ್ದು ಹೊರಗೆ ತಿರುಗುತ್ತದೆ. ಆಗ ಹುಡುಗನ ಮುಖ ನೋಡಬೇಕು ನೀವು. ನಿಮ್ಮ ಮನೆ ಅಂಗಳದಲ್ಲೂ ಇದನ್ನು ಮಾಡಬಹುದು. ಖರ್ಚು ಹಗ್ಗದ್ದು ಮಾತ್ರ.

ಬ್ಯಾಟಿಂಗ್‌ಗೆ ಅಡ್ಡಿ ಬೇರೆ. ಇಲ್ಲಿ ಲೆದರ್ ಚೆಂಡು ಆಡಿದರೂ ಹೆಚ್ಚಾಗಿ ಮ್ಯಾಟಿಂಗ್, ಅಂದರೆ ನೆಲಕ್ಕೆ ಹಾಸಿದ ಚಾಪೆಯ ಮೇಲೆ. ಕೆಳಗೆ ಚಿರೆಕಲ್ಲಿನ ಗಟ್ಟಿ ನೆಲ. ಚೆಂಡು ಎದ್ದು ಬರುತ್ತದೆ, ಹುಡುಗ ಹಿಂಗಾಲಲ್ಲಿ ಆಡಿ ರೂಢಿಯಾಗುತ್ತಾನೆ. ಟರ್ಫ್ ಪಿಚ್‌ಗೆ (ಮಣ್ಣು ಹದ ಮಾಡಿ ಕಟ್ಟಿದ್ದು) ಹೋದ ದಿನ ಅದೇ ಚೆಂಡು ಮೊಣಕಾಲ ಮೇಲೆ ಏಳುವುದಿಲ್ಲ, ಎಲ್‌ಬಿಡಬ್ಲ್ಯು. ಇದು ತಲೆಯಲ್ಲಿರಲಿ. ತಿಂಗಳಿಗೆ ಎರಡು ಸಲವಾದರೂ ಟರ್ಫ್ ಮೇಲೆ ಆಡಲು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಬರುವುದು ಒಳ್ಳೆಯದು. ಉತ್ತರ ಕನ್ನಡ ಬರುವುದೇ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ. ನಮ್ಮ ಹುಡುಗರು ಪೈಪೋಟಿ ಮಾಡಬೇಕಾದದ್ದೂ ಆ ಕಡೆಯವರ ಜೊತೆಯೇ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹೋಗುವ ಆ ದಾರಿ ನಿಮಗೆ ಗೊತ್ತೇ ಇದೆ. ಬೆನ್ನು ಹಿಡಿಯುತ್ತದೆ, ಅಲ್ವಾ?

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನದಲ್ಲಿ ಕಪ್ಪೆ ಬಿಟ್ಟರೆ ಯಾರೂ ಆಡುವುದಿಲ್ಲ. ದೇಶೀಯ ಸೀಸನ್ ಅಕ್ಟೋಬರ್ ಹೊತ್ತಿಗೆ ಶುರು, ಆಯ್ಕೆ ಅದಕ್ಕೂ ಮುಂಚೆ. ಅಂದರೆ ನಾಲ್ಕು ತಿಂಗಳು ಕೈಯಲ್ಲಿ ಚೆಂಡಿಲ್ಲದ ಹುಡುಗ ಸೀದಾ ಆಯ್ಕೆಗೆ ಹೋಗಿ ನಿಲ್ಲುತ್ತಾನೆ. ನಮ್ಮ ಕಡೆಯ ಎಷ್ಟೋ ಒಳ್ಳೆ ಹುಡುಗರು ಕಾಣದೇ ಹೋದದ್ದಕ್ಕೆ ಪ್ರತಿಭೆ ಕಡಿಮೆ ಅಂತ ಕಾರಣ ಕೊಡುವವರಿದ್ದಾರೆ. ನನ್ನ ಮಟ್ಟಿಗೆ ಅರ್ಧ ಕಾರಣ ಈ ನಾಲ್ಕು ತಿಂಗಳು. ಶಿರಸಿಯಲ್ಲಿ ನಾವು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೆಡ್ಡಿನಡಿ ಬೌಲಿಂಗ್ ಮಾಡಿಸುತ್ತೇವೆ. ಮಳೆಗಾಲದಲ್ಲಿ ಅದು ಖಾಲಿ ಇರುತ್ತದೆ. ಪೂರ್ತಿ 22 ಗಜ ಸಿಗದಿದ್ದರೂ ಪರವಾಗಿಲ್ಲ, ಬೆರಳು ಮರೆಯಬಾರದು ಅಷ್ಟೆ. ನಿಮ್ಮಲ್ಲಿ ಶಾಲೆಯ ಉದ್ದನೆ ಜಗುಲಿ ಇದೆಯಲ್ಲ, ಭಾನುವಾರ ಕೇಳಿ ನೋಡಿ.

ಬೆಂಗಳೂರು? ಈಗಲೇ ಬೇಡ. 15 ವರ್ಷದ ಹುಡುಗನನ್ನು ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಬ್ಬನೇ ಬಿಟ್ಟರೆ ಅವನು ಕಲಿಯುವುದು ಕ್ರಿಕೆಟ್ ಒಂದೇ ಅಲ್ಲ. ಪಿಯುಸಿ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಲಿ. ಕಾಮರ್ಸೋ ಆರ್ಟ್ಸೋ ತೆಗೆದುಕೊಳ್ಳಲಿ. ಸೈನ್ಸ್ ಲ್ಯಾಬು, ಸಂಜೆ ಟ್ಯೂಷನ್ನು, ನೆಟ್ಸು ಮೂರೂ ಒಂದೇ ಹೊತ್ತಿಗೆ ಬೀಳುತ್ತವೆ. ಪಿಯುಸಿ ಮುಗಿಯುವ ಹೊತ್ತಿಗೆ ವಲಯದ 19ರೊಳಗಿನ ತಂಡದಲ್ಲಿ ಖಾಯಂ ಇದ್ದರೆ, ಆಗ ಬೆಂಗಳೂರಿನ ಲೀಗ್ ಕ್ಲಬ್ ಹುಡುಕಿ. ಅಲ್ಲಿನ ಡಿವಿಷನ್ ಲೀಗ್‌ನಲ್ಲಿ ಆಡದೆ ರಾಜ್ಯದ ಆಯ್ಕೆದಾರರ ಕಣ್ಣಿಗೆ ಬೀಳುವುದು ಕಷ್ಟ. ಅದು ಸತ್ಯ, ಮುಚ್ಚಿಡುವುದಿಲ್ಲ. ಖಾಯಂ ಇಲ್ಲದಿದ್ದರೆ ಡಿಗ್ರಿ ಓದಿಸಿ, ಆಟ ಮುಂದುವರಿಯಲಿ.

ದಾಖಲೆ ವಿಷಯ ಒಂದು ಹೇಳಿಬಿಡುತ್ತೇನೆ. ಜನನ ಪ್ರಮಾಣಪತ್ರ, ಶಾಲೆ ದಾಖಲೆ, ಆಧಾರ್ ಮೂರರಲ್ಲೂ ಹೆಸರು, ತಾರೀಕು ಒಂದೇ ಇರಬೇಕು. ನೀವು ಶಿಕ್ಷಕಿ, ನಿಮಗೆ ಹೇಳಬೇಕಾಗಿಲ್ಲ. 16ರೊಳಗಿನವರಿಗೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. ಕೆಲವು ಹುಡುಗರ ಎಲುಬು ಬೇಗ ಬಲಿತಿರುತ್ತದೆ, ಮೋಸ ಮಾಡದೇ ಇದ್ದರೂ ಹೊರಗೆ ಹೋಗುತ್ತಾರೆ. ಹಾಗಾದರೆ ಅತ್ತು ಕೂರುವುದು ಬೇಡ, 19ರೊಳಗಿನದ್ದಕ್ಕೆ ತಯಾರಿ ಮಾಡಲಿ.

ಆಟಗಾರ ಆಗದೇ ಹೋದರೆ ಎಂಬ ಭಯ ನಿಮ್ಮ ಪ್ರಶ್ನೆಯ ಹಿಂದೆ ಇದೆ. ಕುಮಟೆಯ ರಾಘವೇಂದ್ರ ದಿವಗಿ ಅವರನ್ನು ನೆನಪಿಸಿಕೊಳ್ಳಿ, ಎಲ್ಲರೂ ರಘು ಅನ್ನುವವರು. ಕ್ರಿಕೆಟ್ ಆಡಬೇಕು ಅಂತ ಊರು ಬಿಟ್ಟು ಹುಬ್ಬಳ್ಳಿಗೆ ಹೋದವರು, ಕೈ ಖಾಲಿ ಇಟ್ಟುಕೊಂಡು. ಆಟಗಾರ ಆಗಲಿಲ್ಲ. ಬೆಂಗಳೂರಿನಲ್ಲಿ ನೆಟ್ಸ್‌ನಲ್ಲಿ ಚೆಂಡು ಎಸೆಯುವ ಕೆಲಸ ಹಿಡಿದರು. ಸೈಡ್‌ಆರ್ಮ್ ಅಂತ ಉದ್ದ ಹಿಡಿಯ ಸಾಧನ ಇರುತ್ತದಲ್ಲ, ಅದರಿಂದ ವೇಗದ ಬೌಲರ್‌ನಂತೆ ಚೆಂಡು ಎಸೆಯುವುದು. ಈಗ ವರ್ಷಗಟ್ಟಲೆಯಿಂದ ಭಾರತ ತಂಡದ ಜೊತೆ ಇದ್ದಾರೆ. ವೇಗದ ಬೌಲಿಂಗ್ ಎದುರು ತಂಡ ಸುಧಾರಿಸಿದ್ದಕ್ಕೆ ರಘು ಕಾರಣ ಅಂತ ವಿರಾಟ್ ಕೊಹ್ಲಿ ಹೇಳಿದ್ದುಂಟು. 2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್‌ನಲ್ಲಿ ಮಳೆ ಬಂದು ನಿಂತಾಗ, ಬ್ರಷ್ ಹಿಡಿದು ಆಟಗಾರರ ಬೂಟಿನ ಕೆಸರು ತೆಗೆಯುತ್ತ ಓಡಾಡುತ್ತಿದ್ದ ಮನುಷ್ಯ ಅವರೇ. ಮಗ ಎಸೆತದ ಜೊತೆ ಸ್ಕೋರಿಂಗ್, ಅಂಪೈರಿಂಗ್ ಪರೀಕ್ಷೆ, ಕೋಚಿಂಗ್ ಲೆವೆಲ್ ಇವುಗಳ ಬಗ್ಗೆಯೂ ಕಿವಿ ತೆರೆದಿಟ್ಟುಕೊಂಡಿರಲಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಹುಬ್ಬಳ್ಳಿ ರಾಜನಗರದ ಮೈದಾನದಲ್ಲಿ ಯಾವಾಗಲಾದರೂ ರಣಜಿ ಪಂದ್ಯ ಬಿದ್ದರೆ ಮಗನನ್ನು ಕರೆದುಕೊಂಡು ಹೋಗಿ. ಮೊದಲ ದಿನ ಬೇಡ, ಮೂರನೇ ದಿನ ಹೋಗಿ. ಬುತ್ತಿ ಕಟ್ಟಿಕೊಳ್ಳಿ, ನೆರಳಿಗೆ ಛತ್ರಿ ಇರಲಿ. ಸ್ಕೋರ್‌ಬೋರ್ಡ್ ನೋಡುವುದು ಬೇಡ ಅನ್ನಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನನ್ನೇ ನೋಡಲಿ: ಸ್ಪಿನ್ ಹಾಕಿ ಏಳನೇ ನಂಬರಿಗೆ ಆಡುವವನು ಯಾರೋ ಅವನನ್ನು. ಓವರ್ ನಡುವೆ ಎಲ್ಲಿ ನಿಲ್ಲುತ್ತಾನೆ, ಬೆರಳಿಗೆ ಏನು ಸುತ್ತಿಕೊಳ್ಳುತ್ತಾನೆ, ಪ್ಯಾಡ್ ಕಟ್ಟಿ ಎಷ್ಟು ಹೊತ್ತು ಕಾಯುತ್ತಾನೆ, ಔಟಾಗಿ ಬಂದವನು ಎಷ್ಟು ನಿಮಿಷಕ್ಕೆ ಮತ್ತೆ ಬೌಲಿಂಗ್‌ಗೆ ತೋಳು ತಿರುಗಿಸಲು ಶುರು ಮಾಡುತ್ತಾನೆ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಆ ನೋಟ್‌ಬುಕ್ ಇಸಿದುಕೊಂಡು ನೀವೂ ಓದಿ. ಅರ್ಧ ಪುಟಕ್ಕೆ ಬೇಜಾರಾಗಿ ನಿಲ್ಲಿಸಿದ್ದಾನೋ, ನಾಲ್ಕು ಪುಟ ತುಂಬಿಸಿದ್ದಾನೋ ನೋಡಿ, ಆಮೇಲೆ ನನಗೆ ಇನ್ನೊಂದು ಸಲ ಬರೆಯಿರಿ.